ಮೂರು ಹೆಸರು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಫಕೀರಪ್ಪನ ದನಿ ಅರ್ಧ ಮಾತಿನಲ್ಲಿ ನಿಂತುಹೋಯಿತು.

"ಕಸ್ತೂರಿ, ಆ ಕಿಡಕಿ ಸ್ವಲ್ಪ..." ಎಂದಿತ್ತು ಮಂಚದ ಪಕ್ಕದ ಸ್ಪೀಕರು. ಅಷ್ಟೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಕಸ್ತೂರಿ, "ಕಿಡಕಿ ತೆಗೀಲೋ ಹಾಕಲೋ? ಪೂರಾ ಹೇಳ್ರಿ" ಎಂದು ಅಲ್ಲಿಂದಲೇ ಕೂಗಿದಳು. ಉತ್ತರ ಬರಲಿಲ್ಲ. ಹಿಟ್ಟಿನ ಕೈಯಲ್ಲೇ ಬಂದು ನೋಡಿದರೆ ಫಕೀರಪ್ಪನ ಕಣ್ಣು ಎದುರಿನ ಪರದೆಯ ಮೇಲೆ ನೆಟ್ಟಿತ್ತು.

ಹುಬ್ಬಳ್ಳಿಯ ಗೋದಾಮು ಓಣಿಯಲ್ಲಿ ಫಕೀರಪ್ಪ ಹೊಸಮನಿಯನ್ನು ಅರಿಯದವರಿಲ್ಲ. ಇಪ್ಪತ್ತಾರು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ನಾಲ್ಕು ವರ್ಷದ ಹಿಂದೆ ನರಗಳಿಗೆ ರೋಗ ತಗುಲಿತು. ಮೊದಲು ಬೆರಳು, ಆಮೇಲೆ ಕಾಲು, ಕಡೆಗೆ ನಾಲಿಗೆ. ಈಗ ಅವನ ಮೈಯಲ್ಲಿ ಅವನ ಮಾತು ಕೇಳುತ್ತಿದ್ದುದು ಕಣ್ಣುಗಳು ಮಾತ್ರ. ನಾಲಿಗೆ ಬೀಳುವುದಕ್ಕೆ ಮುಂಚೆ ವೈದ್ಯರು ಅವನಿಂದ ಸಾವಿರದ ಆರುನೂರು ವಾಕ್ಯಗಳನ್ನು ಓದಿಸಿ ಮನೆಗಣಕದಲ್ಲಿ ತುಂಬಿಸಿಟ್ಟಿದ್ದರು. ಪರದೆಯ ಮೇಲಿನ ಅಕ್ಷರಗಳನ್ನು ಅವನ ಕಣ್ಣು ಹಾದುಹೋದಂತೆ ಒಂದು ಸಣ್ಣ ಕ್ಯಾಮೆರಾ ಅದನ್ನು ಓದುತ್ತಿತ್ತು. ಗಣಕ ಅವನದೇ ದನಿಯಲ್ಲಿ ಮಾತಾಡುತ್ತಿತ್ತು. ತುಸು ಮೂಗಿನಿಂದ ಬರುವ ದನಿ. ಸಿಟ್ಟು ಬಂದರೆ ಪದದ ಕೊನೆಯನ್ನು ಎಳೆಯುವ ದನಿ. ಮೂವತ್ತು ವರ್ಷ ಕಸ್ತೂರಿ ಜಗಳಾಡಿದ್ದು ಈ ದನಿಯ ಜೊತೆಗೇ.

ಪರದೆಯ ಮೇಲೆ ಈಗ ಅಕ್ಷರಮಾಲೆ ಇರಲಿಲ್ಲ. ಬಿಳಿಯ ಹಿನ್ನೆಲೆಯಲ್ಲಿ ಸಭ್ಯವಾದ ಕನ್ನಡದಲ್ಲಿ ಹೀಗೆ ಬರೆದಿತ್ತು:

"ನಿಮ್ಮ ಮನೆಗಣಕಕ್ಕೆ ಬೀಗ ಬಿದ್ದಿದೆ. ನಮಗೆ ಹಣ ಬೇಡ. ಮೂರು ಹೆಸರು ಕೊಡಿ. ನಿಮ್ಮನ್ನು ನಂಬುವ ಮೂವರಿಗೆ, ನಾವು ಕೊಡುವ ಕಡತವನ್ನು ತೆರೆಯಿರಿ ಎಂದು ನಿಮ್ಮ ಬಾಯಿಂದ ಹೇಳಿ. ಮೂವರೂ ತೆರೆದ ಕೂಡಲೇ ನಿಮ್ಮ ಬೀಗ ತೆರೆಯುತ್ತದೆ. ಎಪ್ಪತ್ತೆರಡು ಗಂಟೆಯ ನಂತರ ಕೀಲಿ ಇರುವುದಿಲ್ಲ."

ಕೆಳಗೆ ಗಡಿಯಾರ ಹಿಂದಕ್ಕೆ ಓಡುತ್ತಿತ್ತು.

ಆ ಹೊತ್ತಿಗೆ ಯಾರ ದನಿಯನ್ನು ಬೇಕಾದರೂ ಯಂತ್ರದಿಂದ ನಕಲು ಮಾಡಬಹುದಾದ ಕಾಲ ಬಂದು ಹತ್ತು ವರ್ಷವಾಗಿತ್ತು. ಮೋಸ ಹೋಗಿ ಹೋಗಿ ಸಾಕಾದ ಸರ್ಕಾರ ಪ್ರತಿ ಮನೆಗಣಕಕ್ಕೂ ಒಂದು ಪರೀಕ್ಷೆ ಜೋಡಿಸಿತ್ತು: ಮೈಕಿನ ಮುಂದೆ ಉಸಿರಾಡುವ ಮನುಷ್ಯನೇ ಮಾತಾಡಿದ್ದರೆ ಮಾತ್ರ ಆ ಸಂದೇಶಕ್ಕೆ 'ಜೀವದನಿ' ಎಂಬ ಹಸಿರು ಮುದ್ರೆ ಬೀಳುತ್ತಿತ್ತು. ಹಸಿರು ಮುದ್ರೆ ಕಂಡರೆ ಜನ ಕಣ್ಣುಮುಚ್ಚಿ ಕಡತ ತೆರೆಯುತ್ತಿದ್ದರು. ಆದ್ದರಿಂದ ಕಳ್ಳರಿಗೆ ಈಗ ಬೇಕಾದದ್ದು ಯಂತ್ರವಲ್ಲ. ನಮ್ಮವರಿಗೆ ನಾವೇ ಸುಳ್ಳು ಹೇಳುವುದು.

ಕಸ್ತೂರಿಗೆ ಮೊದಲು ಹೊಳೆದದ್ದು ಸ್ವಿಚ್ಚು. ಗೋಡೆಯ ಕಡೆ ಕೈಚಾಚಿದಳು. ಫಕೀರಪ್ಪನ ಕಣ್ಣು ಪಟಪಟ ಬಡಿಯತೊಡಗಿತು.

"ಬ್ಯಾಡೇನ್ರಿ?"

ಒಂದು ಸಲ ರೆಪ್ಪೆ ಮುಚ್ಚಿ ತೆರೆದ. ಹೌದು.

"ಮತ್ತೇನು ಮಾಡ್ಲಿ? ಹೆಂಗ ಹೇಳತೀರಿ ನೀವು?"

ಅವಳು ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಗೆ ಶಾಲೆಯ ವರ್ಣಮಾಲೆ ಬರೆದು ಒಂದು ಹಲಗೆಗೆ ಅಂಟಿಸಿದಳು. ಸ್ವರಗಳದೊಂದು ಸಾಲು, ಆಮೇಲೆ ಕ, ಚ, ಟ, ತ, ಪ, ಕಡೆಗೆ ಯ. ಸಾಲಿನ ಮೊದಲ ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತ ಹೋದಳು. 'ತ' ಎಂದಾಗ ರೆಪ್ಪೆ ಬಿತ್ತು. ಆ ಸಾಲಿನಲ್ಲಿ ಮತ್ತೆ ಮೊದಲ ಅಕ್ಷರಕ್ಕೇ ಬಿತ್ತು. ಆಮೇಲೆ ಸೊನ್ನೆ. ಐದು ನಿಮಿಷ ಕಳೆಯುವಷ್ಟರಲ್ಲಿ 'ತಂತಿ' ಎಂದಾಯಿತು. ಇನ್ನೈದು ನಿಮಿಷಕ್ಕೆ 'ಕೀಳು'.

ಜಾಲದ ತಂತಿ. ಕಸ್ತೂರಿ ಅದನ್ನು ಕಿತ್ತು ನೆಲಕ್ಕೆ ಒಗೆದಳು. ಕರೆಂಟನ್ನು ಮುಟ್ಟಲಿಲ್ಲ. ಯಾಕೆ ಮುಟ್ಟಬಾರದು ಎಂಬುದನ್ನು ಫಕೀರಪ್ಪ ಮಧ್ಯಾಹ್ನ ಊಟವಾದ ಮೇಲೆ ಒಂದು ತಾಸು ರೆಪ್ಪೆ ಬಡಿದು ತಿಳಿಸಿದ: ದಾರಿಯಲ್ಲಿ ಕೆಟ್ಟ ಬಸ್ಸಿನ ಇಂಜಿನನ್ನು ಮೆಕ್ಯಾನಿಕ್ ಬರುವತನಕ ಆರಿಸಬಾರದು, ಆರಿಸಿದರೆ ಎಲ್ಲಿ ಕೆಟ್ಟಿತ್ತು ಎನ್ನುವುದೇ ತಿಳಿಯುವುದಿಲ್ಲ.

ಅವನ ಉಸಿರಿನ ಯಂತ್ರ ಮಾತ್ರ ಎಂದಿನಂತೆ ನಡೆಯುತ್ತಿತ್ತು. ಅದನ್ನು ಜಾಲಕ್ಕೆ ಜೋಡಿಸಲು ಕಂಪನಿಯವರು ಎಷ್ಟು ಹೇಳಿದರೂ ಅವನು ಒಪ್ಪಿರಲಿಲ್ಲ. ಮಾತಿನ ದನಿಯನ್ನೂ ಹೊರಗಿನ ಒಂದು ಡಿಸ್ಕಿಗೆ ನಕಲು ಮಾಡಿಸಿದ್ದರು. ಆದರೆ ಆ ಡಿಸ್ಕು ಯಾವಾಗಲೂ ಗಣಕಕ್ಕೆ ಚುಚ್ಚಿಕೊಂಡೇ ಇರುತ್ತಿತ್ತು. ಬೀಗ ಹಾಕಿದವರು ಮೊದಲು ಒರೆಸಿ ಹಾಕಿದ್ದು ಅದನ್ನೇ.

*

ಧಾರವಾಡದ ರಸ್ತೆಯಲ್ಲಿರುವ ಗಣಕ ರಕ್ಷಣಾ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಮುಬೀನಾ ನದಾಫ ಎರಡು ದಿನದಿಂದ ಒಂದೇ ನಕ್ಷೆಯನ್ನು ನೋಡುತ್ತಿದ್ದಳು. ಒಂದೊಂದು ಚುಕ್ಕೆ ಒಂದೊಂದು ಮನೆ. ಬೀಗ ಬಿದ್ದರೆ ಕೆಂಪು. ಒಂದು ಕೆಂಪು ಚುಕ್ಕೆಯಿಂದ ಮೂರು ಗೆರೆ ಹೊರಟು ಮೂರು ಮನೆ ಮುಟ್ಟುತ್ತಿದ್ದವು. ಆ ಮೂರರಿಂದ ಒಂಬತ್ತು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಆರು ಜಿಲ್ಲೆಗಳಲ್ಲಿ ಹನ್ನೊಂದು ಸಾವಿರ ಮನೆಗಳಾಗಿದ್ದವು.

ಅದರ ಗುಣ ಅವಳಿಗೆ ಅರ್ಥವಾಗಿತ್ತು. ಒಳಗೆ ಬರುವಾಗ ಅದು ಮಾರುವೇಷದ ತಂತ್ರಾಂಶ: ವ್ಯಾಯಾಮದ ವಿಡಿಯೋ, ಮದುವೆಯ ಕರೆಯೋಲೆ, ಪರೀಕ್ಷೆಯ ಫಲಿತಾಂಶ. ಬಂದಮೇಲೆ ಒಂಬತ್ತು ದಿನ ಬೇಹುಗಾರ: ಮನೆಯವರು ಯಾರ ಜೊತೆ ಎಷ್ಟು ಸಲುಗೆಯಿಂದ ಮಾತಾಡುತ್ತಾರೆ, ಯಾವ ಗುಪ್ತಪದ ಒತ್ತುತ್ತಾರೆ ಎಂದು ಕೇಳುತ್ತ ಕೂರುತ್ತಿತ್ತು. ಹತ್ತನೆಯ ದಿನ ಒತ್ತೆ ಹಿಡಿಯುತ್ತಿತ್ತು. ಕೊಡುವ ಮೂರು ಹೆಸರುಗಳಿಂದ ಅದನ್ನು ಮಾಡಿದವರ ಕೈಗೆ ಒಂದು ಊರಿನಲ್ಲಿ ಯಾರು ಯಾರನ್ನು ನಂಬುತ್ತಾರೆ ಎಂಬ ಪೂರ್ತಿ ಪಟ್ಟಿ ಸೇರುತ್ತಿತ್ತು. ಅಂಥ ಪಟ್ಟಿಗೆ ಗಿರಾಕಿಗಳಿದ್ದರು.

ಗುಣ ತಿಳಿದರೂ ಮದ್ದಿರಲಿಲ್ಲ. ಹೆಸರು ಕೊಟ್ಟವರ ಮನೆಯಲ್ಲಿ ಅದು ತನ್ನನ್ನು ತಾನೇ ಅಳಿಸಿಕೊಂಡು ಹೋಗುತ್ತಿತ್ತು. ಹೆದರಿ ಸ್ವಿಚ್ ಆರಿಸಿದವರ ಮನೆಯಲ್ಲಿ, ಗಣಕದ ತಾತ್ಕಾಲಿಕ ನೆನಪಿನಲ್ಲಿದ್ದ ಕೀಲಿ ಆ ಕ್ಷಣವೇ ಆವಿಯಾಗುತ್ತಿತ್ತು. ಅವಳಿಗೆ ಬೇಕಾದದ್ದು ಬೀಗ ಬಿದ್ದೂ ಆರದ, ಹೆಸರನ್ನೂ ಕೊಡದ ಒಂದೇ ಒಂದು ಗಣಕ.

ಗೋದಾಮು ಓಣಿಯ ಒಂದು ಚುಕ್ಕೆಯಿಂದ ಗೆರೆಯೇ ಹೊರಟಿರಲಿಲ್ಲ. ಇಪ್ಪತ್ತಾರು ತಾಸಾಗಿತ್ತು. ಜಾಲದಲ್ಲಿ ಆ ಮನೆ ಕಾಣುತ್ತಿರಲಿಲ್ಲ, ಆದರೆ ವಿದ್ಯುತ್ ಮೀಟರಿನ ಪ್ರಕಾರ ಗಣಕ ಇನ್ನೂ ಉರಿಯುತ್ತಿತ್ತು.

ಮುಬೀನಾ ಫೋನ್ ಎತ್ತಿದಳು.

"ನಾನು ಗಣಕ ರಕ್ಷಣಾ ಕೇಂದ್ರದಿಂದ ಮಾತಾಡಾಕತ್ತೇನ್ರಿ. ನಿಮ್ಮ ಮನಿ ಗಣಕಕ್ಕ ಬೀಗ ಬಿದ್ದೇತಿ ಅಲ್ರಿ?"

ಆ ಕಡೆಯಿಂದ ಕಸ್ತೂರಿಯ ದನಿ ಬಂತು: "ನೀವು ಅಲ್ಲಿಂದನ ಮಾತಾಡಾಕತ್ತೀರಿ ಅಂತ ನಾ ಹೆಂಗ ನಂಬಬೇಕು?"

"ನನ್ನ ಹೆಸರು ಮುಬೀನಾ ನದಾಫ. ನನ್ನ ನಂಬರ..."

"ನಿಮ್ಮ ನಂಬರ ನೀವ ಹೇಳಿದ್ರ ಏನು ಬಂತು? ಇಡ್ರಿ ಫೋನು."

ಇಟ್ಟೇಬಿಟ್ಟಳು. ಮುಬೀನಾಗೆ ನಗುವೋ ಅಳುವೋ ತಿಳಿಯಲಿಲ್ಲ. ಕಾಲು ತಾಸಿನ ಮೇಲೆ ಕೇಂದ್ರದ ಸಾರ್ವಜನಿಕ ಸಂಖ್ಯೆಗೆ ಕರೆ ಬಂತು. ಕಸ್ತೂರಿ ವಾರ್ಡ್ ಕಚೇರಿಗೆ ನಡೆದುಹೋಗಿ, ಅಲ್ಲಿಯ ಫಲಕದ ಮೇಲಿದ್ದ ಸಂಖ್ಯೆಯನ್ನು ಓದಿ ಒತ್ತಿದ್ದಳು.

"ಮುಬೀನಾ ನದಾಫ ಅನ್ನೋರು ಇದ್ದಾರೇನ್ರಿ ಅಲ್ಲಿ?"

"ಇದ್ದೇನ್ರಿ ಅಕ್ಕಾರ."

"ಹಂಗಾದ್ರ ಬಾ. ಬರೂ ಮುಂದ ಗುರುತಿನ ಚೀಟಿ ತೊಗೊಂಬಾ."

*

ಮುಬೀನಾ ಬರುವುದಕ್ಕೆ ಮುಂಚೆ ಇನ್ನೊಬ್ಬಳು ಬಂದಳು. ಎದುರು ಮನೆಯ ರೋಹಿಣಿ ಪತ್ತಾರ. ದಾದಿ. ಸುತ್ತಲಿನ ನಾಲ್ಕು ಓಣಿಯ ಬಸುರಿಯರ ತಪಾಸಣೆ ಅವಳ ಮನೆಯ ಮುಂಗೋಣೆಯಲ್ಲೇ ನಡೆಯುತ್ತಿತ್ತು. ದಿನಕ್ಕೆರಡು ಸಲ ಬರುತ್ತಿದ್ದವಳು ಹತ್ತು ದಿನದಿಂದ ಈ ಹೊಸ್ತಿಲು ತುಳಿದಿರಲಿಲ್ಲ. ಈಗ ಬಾಗಿಲಲ್ಲೇ ನಿಂತಳು.

"ಅಕ್ಕಾ, ಮಾಮಾಗ ಕುತ್ತಿಗಿ ನೋವಿಗೆ ಅಂತ ವಿಡಿಯೋ ಕಳಿಸಿದ್ನೆಲ್ಲಾ..."

ಕಸ್ತೂರಿ ಅವಳ ಮುಖ ನೋಡಿದಳು. ಮುಂದಿನ ಮಾತು ಬೇಕಿರಲಿಲ್ಲ.

"ಗೊತ್ತಿದ್ದು ಕಳಿಸಿದಿ?"

"ಮೂವತ್ತೆಂಟು ಬಸುರೇರ ಕಾಗದಪತ್ರ ಅದರಾಗ ಇದ್ದುವು ಅಕ್ಕಾ. ಯಾರಿಗೆ ರಕ್ತ ಕಮ್ಮಿ, ಯಾರಿಗೆ ಯಾವಾಗ ದಿನ ತುಂಬತಾವು, ಯಾವದೂ ತಲಿಯಾಗ ಇಲ್ಲ. ಇಬ್ಬರಿಗೆ ಆ ವಾರನ ಹೆರಿಗಿ ಇತ್ತು. ನನಗ ಏನೂ ತಿಳೀಲಿಲ್ಲ." ರೋಹಿಣಿ ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಈಗ ನೀನೂ ಕೊಟ್ಟುಬಿಡು ಅಕ್ಕಾ. ಎಲ್ಲಾರೂ ಕೊಡಾಕತ್ತಾರ. ನಂದ ಹೆಸರು ಕೊಡು ಅನ್ನಬೇಕಂದ್ರ ಒಮ್ಮೆ ಬಿದ್ದ ಮನಿ ನಡೆಯೂದಿಲ್ಲಂತ. ಯಾರರ ಮೂರು ಮಂದಿ..."

"ಯಾರರ ಅಂದ್ರ ಯಾರು?" ಕಸ್ತೂರಿಯ ದನಿ ಏರಿತು. "ನಮ್ಮ ಅಣ್ಣನ್ನ ಕೊಡಲ್ಯಾ? ಇವರಿಗೆ ದಿನಾ ಮೈ ಒರಸಾಕ ಬರೂ ಹುಡುಗ ಅದಾನಲ್ಲ, ಅವನ್ನ ಕೊಡಲ್ಯಾ? ನಿನ್ನಂಗ ನನ್ನ ನಂಬಿದವರನ್ನ ಎಣಿಸಿ ಎಣಿಸಿ ಮೂರು ಮಂದಿನ ಆರಿಸಲ್ಯಾ? ನಡಿ ಇಲ್ಲಿಂದ. ನನ್ನ ಮುಂದ ಬರಬ್ಯಾಡ."

ಫಕೀರಪ್ಪನ ಕಣ್ಣು ಬಡಿಯಿತು. ಹಲಗೆ ಬೇಕು ಎಂದು. ಕಸ್ತೂರಿ ಸಿಟ್ಟಿನಿಂದಲೇ ಸಾಲುಗಳನ್ನು ಓದಿದಳು. ರೋಹಿಣಿ ಬಾಗಿಲಲ್ಲೇ ಕಾದಳು. ಹತ್ತು ನಿಮಿಷಕ್ಕೆ ಬಂದ ಮಾತು ಇಷ್ಟು: "ಆ ಇಬ್ಬರು ಹಡೆದರೇನು?"

"ಹಡದ್ರು ಮಾಮಾ," ಎಂದು ರೋಹಿಣಿ ಅಳತೊಡಗಿದಳು. "ಒಂದು ಹೆಣ್ಣು, ಒಂದು ಗಂಡು. ಆರಾಮ ಅದಾವು."

ಅವನು ಒಂದು ಸಲ ರೆಪ್ಪೆ ಮುಚ್ಚಿ ತೆರೆದ. ಆಮೇಲೆ ಇನ್ನೂ ಎರಡು ಪದ ಹೇಳಿಸಿದ. ಅವನ್ನು ಕಸ್ತೂರಿ ಓದಿದ್ದು ರೋಹಿಣಿಗಲ್ಲ, ತನಗೆ: "ನೀ ಕೊಡಬೇಡ."

*

ಮುಬೀನಾ ಮಂಗಳವಾರ ಸಂಜೆಯವರೆಗೂ ಗಣಕದ ಮುಂದೆ ಕೂತಿದ್ದಳು. ಏನನ್ನೂ ಚುಚ್ಚಲಿಲ್ಲ, ಕಳಚಲಿಲ್ಲ. ನೋಡಿ ಬರೆದುಕೊಂಡಳು ಅಷ್ಟೆ. ಹೋಗಿ ಪ್ರಯೋಗಾಲಯದಲ್ಲಿ ಅಂಥದ್ದೇ ಗಣಕದ ಮೇಲೆ ಮೂರು ಸಲ ಪ್ರಯತ್ನ ಮಾಡಿ, ಬುಧವಾರ ಬೆಳಿಗ್ಗೆ ತನ್ನ ಮೇಲಧಿಕಾರಿ ದೇಸಾಯಿಯವರ ಎದುರು ನಿಂತಳು.

"ಕೀಲಿ ನೆನಪಿನಾಗ ಐತ್ರಿ ಸರ. ಅದಷ್ಟ ಅಲ್ಲ, ಎಲ್ಲಾ ಮನಿ ಕೀಲಿ ಹುಟ್ಟಿಸೂ ಗುಪ್ತಸಂಖ್ಯಾನೂ ಅಲ್ಲೇ ಐತಿ. ಅದು ಸಿಕ್ಕರ ಹನ್ನೊಂದು ಸಾವಿರ ಮನಿ ತೆಗೀಬಹುದು."

"ತೆಗಿ ಮತ್ತ."

"ನೆನಪನ್ನ ಪೂರಾ ನಕಲು ಮಾಡಿಕೊಳ್ಳಾಕ ಹನ್ನೊಂದು ನಿಮಿಷ ಬೇಕ್ರಿ. ನಮ್ಮ ಉಪಕರಣ ಚುಚ್ಚಿದ್ದು ಅದಕ್ಕ ಗೊತ್ತಾಗತೇತಿ. ಗೊತ್ತಾದ ಕೂಡಲೇ ಆ ಮನಿಯವರ ಕಡತ ಒರಸಾಕ ಶುರು ಮಾಡತೇತಿ. ದೊಡ್ಡದರಿಂದ ಶುರು. ಅವರ ಮನ್ಯಾಗ ಎಲ್ಲಾದಕ್ಕಿಂತ ದೊಡ್ಡ ಕಡತ ಅಂದ್ರ ಅವರ ದನಿ."

"ಗಣಕದೊಳಗಿನ ಡಿಸ್ಕ್ ಮೊದಲ ಕಳಚಿಬಿಡು."

"ಕಳಚಿದ್ರ ಕೀಲಿನ ಅಳಿಸಿಬಿಡತೇತ್ರಿ. ನಿನ್ನೆ ಇನ್ನೊಂದು ಮನ್ಯಾಗ ಅವರ ಕಳಚಾಕ ಹೋಗಿ ಹಂಗ ಆತು."

ದೇಸಾಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಾತು ಹೋದ ರೋಗಿ ದನಿಯನ್ನ ನಾವ ಹಾಳು ಮಾಡಿದ್ವಿ ಅಂದ್ರ ನಾಳೆ ಪತ್ರಿಕೆಯವರು ಬಿಡತಾರೇನು? ಬ್ಯಾಡ. ಅವರು ಮೂರು ಹೆಸರು ಕೊಟ್ಟುಬಿಡಲಿ. ಆ ಮೂವರನ್ನ ನಾವು ಕಾಯೋಣು."

"ಹನ್ನೊಂದು ಸಾವಿರ ಮನಿ ಕಾಯಾಕ ಆಗಲಿಲ್ಲ ಸರ. ಆ ಮೂರು ಹೆಂಗ ಕಾಯತೀರಿ?"

ಮುಬೀನಾ ಉಪಕರಣದ ಪೆಟ್ಟಿಗೆ ಎತ್ತಿಕೊಂಡಳು. "ನಾ ಅವರಿಗೆ ಇದ್ದದ್ದು ಇದ್ದಂಗ ಹೇಳತೇನ್ರಿ. ಅವರು ಬ್ಯಾಡ ಅಂದ್ರ ವಾಪಸ್ ಬರತೇನಿ."

*

ಅವಳು ಇದ್ದದ್ದು ಇದ್ದಂತೆ ಹೇಳಿದಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಫಕೀರಪ್ಪನ ಕಣ್ಣನ್ನೇ ನೋಡುತ್ತ. ಒರೆಸುವ ಕೆಲಸ ನಿಧಾನವಾಗಿ ನಡೆದರೆ ದನಿ ಉಳಿಯಲೂಬಹುದು. ಉಳಿಯದೆಯೂ ಇರಬಹುದು. ನಡುವೆ ಯಾವಾಗ ಬೇಕಾದರೂ ಕರೆಂಟ್ ಕಿತ್ತರೆ ಒರೆಸುವುದು ನಿಲ್ಲುತ್ತದೆ. ಆದರೆ ಗುಪ್ತಸಂಖ್ಯೆಯೂ ಕೈಬಿಡುತ್ತದೆ. ಏನೂ ಮಾಡದಿದ್ದರೆ ನಾಳೆ ಹತ್ತಕ್ಕೆ ಎಲ್ಲ ಮುಗಿಯುತ್ತದೆ. ಹೆಸರು ಕೊಟ್ಟರೆ ದನಿ ಖಂಡಿತ ವಾಪಸ್ ಬರುತ್ತದೆ.

"ಖಂಡಿತ?" ಎಂದು ಕೇಳಿದಳು ಕಸ್ತೂರಿ.

"ಇಲ್ಲೀತನಕ ಮಾತು ತಪ್ಪಿಲ್ರಿ ಅಕ್ಕಾರ. ಅದಕ್ಕ ಜನ ಕೊಡಾಕತ್ತಾರ."

ಕಸ್ತೂರಿ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಹೊರಗೆ ಮಧ್ಯಾಹ್ನದ ಬಿಸಿಲು. ತರಕಾರಿ ಗಾಡಿಯವನು ಮೆಂತೆಸೊಪ್ಪು ಎಂದು ಕೂಗುತ್ತಿದ್ದ. ಮೂರು ದಿನದಿಂದ ಅವಳು ಗಂಡನ ದನಿ ಕೇಳಿರಲಿಲ್ಲ. ಕೇಳದೆ ಇರುವುದು ಹೇಗಿರುತ್ತದೆಂದು ಈಗಾಗಲೇ ಗೊತ್ತಾಗಿತ್ತು. ತಿರುಗದೆಯೇ ಹೇಳಿದಳು: "ನನ್ನ ಕೇಳಿದ್ರ ನಾ ಬ್ಯಾಡ ಅಂತೇನಿ. ನನಗ ಅವರ ದನಿ ಬೇಕು. ಹನ್ನೊಂದು ಸಾವಿರ ಮನಿ ಯಾವದೂ ನನ್ನ ಮನಿ ಅಲ್ಲ. ಆದ್ರ ದನಿ ಅವರದು. ಅವರನ್ನ ಕೇಳು."

ಮುಬೀನಾ ಫಕೀರಪ್ಪನನ್ನು ಕೇಳಿದಳು. "ಮಾಡ್ಲೇನ್ರಿ?"

ರೆಪ್ಪೆ ಒಂದೇ ಸಲ ಬಿತ್ತು.

ಉಪಕರಣವನ್ನು ಚುಚ್ಚಿದಾಗ ಮೂರು ಗಂಟೆ ಹತ್ತು ನಿಮಿಷ. ಮೊದಲ ಮೂರು ನಿಮಿಷ ಏನೂ ಆಗಲಿಲ್ಲ. ನಾಲ್ಕನೆಯ ನಿಮಿಷಕ್ಕೆ ಗಣಕದೊಳಗಿಂದ ಜೀರುಂಡೆಯಂಥ ಸದ್ದು ಎದ್ದಿತು. ಮುಬೀನಾಳ ಕೈಪರದೆಯ ಮೇಲೆ ಕಡತಗಳ ಹೆಸರು ಒಂದೊಂದಾಗಿ ಬೂದುಬಣ್ಣಕ್ಕೆ ತಿರುಗತೊಡಗಿದವು. ಮೊದಲನೆಯದು 'ದನಿ-1'. ಅಂಥವು ಹದಿನಾರು ಇದ್ದವು, ಒಂದೊಂದರಲ್ಲಿ ನೂರು ವಾಕ್ಯ.

ಆರನೆಯ ನಿಮಿಷಕ್ಕೆ ಐದು ಹೋಗಿದ್ದವು.

"ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳದೇತ್ರಿ," ಎಂದಳು ಮುಬೀನಾ. ಅವಳ ಕೈ ಕರೆಂಟಿನ ತಂತಿಯ ಮೇಲಿತ್ತು. "ಈಗ ನಿಲ್ಲಿಸಿದ್ರ..."

ಫಕೀರಪ್ಪ ಎರಡು ಸಲ ರೆಪ್ಪೆ ಬಡಿದ. ಬೇಡ.

ಎಂಟನೆಯ ನಿಮಿಷಕ್ಕೆ ಹತ್ತು ಹೋದವು. ಕಸ್ತೂರಿ ಬಂದು ಅವನ ಅಲುಗದ ಕೈಯನ್ನು ಹಿಡಿದಳು. ಪರದೆ ನೋಡಲಿಲ್ಲ. ಹತ್ತನೆಯ ನಿಮಿಷದಲ್ಲಿ ಮುಬೀನಾ ಮತ್ತೆ ಕೇಳಿದಳು. ಅವನು ಮತ್ತೆ ಎರಡು ಸಲ ಬಡಿದ. ರೆಪ್ಪೆ ಎಷ್ಟು ಗಟ್ಟಿಯಾಗಿ ಬಿತ್ತೆಂದರೆ ಕಣ್ಣಂಚಿನಲ್ಲಿ ನೀರು ಬಂತು.

ಮೂರು ಇಪ್ಪತ್ತೊಂದಕ್ಕೆ ನಕಲು ಮುಗಿಯಿತು. ಹದಿನಾರನೆಯ ಕಡತ ಅದಕ್ಕೆ ಅರ್ಧ ನಿಮಿಷ ಮುಂಚೆ ಹೋಗಿತ್ತು.

ಮುಬೀನಾ ನೆಲದ ಮೇಲೆ ಕೂತುಬಿಟ್ಟಳು. "ತಪ್ಪಾತ್ರಿ," ಎಂದಳು. "ನಂದ ಉಪಕರಣ ಇನ್ನಷ್ಟು ಚುರುಕಾಗಿದ್ರ..."

ಕಸ್ತೂರಿ ಹಲಗೆ ಎತ್ತಿಕೊಂಡಳು. ಅವನಿಗೆ ಏನೋ ಹೇಳುವುದಿತ್ತು. ಸಾಲು ಸಾಲಾಗಿ, ಅಕ್ಷರ ಅಕ್ಷರವಾಗಿ ಬಂದ ಮಾತನ್ನು ಅವಳು ಮುಬೀನಾಗೆ ಓದಿ ಹೇಳಿದಳು: "ಕೂರಬೇಡ. ಹೋಗಿ ಬೀಗ ತೆಗಿ."

*

ಗುರುವಾರ ಬೆಳಿಗ್ಗೆ ಎಂಟಕ್ಕೆ ಕೇಂದ್ರ ಕೀಲಿಯನ್ನು ಎಲ್ಲರಿಗೂ ಬಿಟ್ಟಿತು. ಮಧ್ಯಾಹ್ನದೊಳಗೆ ನಕ್ಷೆಯ ಚುಕ್ಕೆಗಳು ಹಸಿರಾದವು. ದೇಸಾಯಿಯವರು ತಾವೇ ಬಂದು ಫಕೀರಪ್ಪನಿಗೆ ಹೊಸ ಗಣಕ ಕೊಟ್ಟು, ಅವನ ದನಿಯ ಬೇರೆ ಮುದ್ರಣ ಎಲ್ಲೂ ಇಲ್ಲದ್ದರಿಂದ ಹನ್ನೆರಡು ಸಿದ್ಧ ದನಿಗಳನ್ನು ಕೇಳಿಸಿದರು. ರೇಡಿಯೋದವರಂಥ ಗಂಭೀರ ದನಿ, ಮೆಲುದನಿ, ಹುಡುಗನ ದನಿ. ಅವನು ಎಲ್ಲಕ್ಕೂ ಎರಡು ಸಲ ರೆಪ್ಪೆ ಬಡಿದ. ಕಡೆಗೆ ಆರಿಸಿಕೊಂಡದ್ದು ಗಣಕದ ಜೊತೆಗೇ ಬರುವ, ಯಾರಿಗೂ ಬೇಡವಾದ, ಏರಿಳಿತವಿಲ್ಲದ ತಗಡಿನಂಥ ದನಿಯನ್ನು. ಕಸ್ತೂರಿ ಯಾಕೆ ಎಂದು ಕೇಳಿದ್ದಕ್ಕೆ ಆ ದನಿಯಲ್ಲೇ ಹೇಳಿದ: "ಇದು ಯಾರ ಹಂಗೂ ನಟಿಸೂದಿಲ್ಲ."

ಅವಳಿಗೆ ಆ ದನಿ ಒಗ್ಗಲಿಲ್ಲ. ಅಡುಗೆಮನೆಯಲ್ಲಿದ್ದಾಗ ಅದು ಕರೆದರೆ ಬೇರೆ ಯಾರೋ ಮನೆಯೊಳಗೆ ಬಂದಂತೆ ಬೆಚ್ಚುತ್ತಿದ್ದಳು. ಕೆಲವು ಸಲ ಅದನ್ನು ಆರಿಸಿ, ಹಲಗೆ ಹಿಡಿದು ಅವನ ಪಕ್ಕ ಕೂರುತ್ತಿದ್ದಳು. ತಡವಾದರೂ ಆಗಲಿ, ಆ ಮಾತು ಅವನದು ಅನ್ನಿಸುತ್ತಿತ್ತು.

ಅಷ್ಟರಲ್ಲಿ ಬೀಗ ಹಾಕುವವರು ಊರಿಗೆಲ್ಲ ಇನ್ನೊಂದು ಸಂದೇಶ ಕಳಿಸಿದರು. ಹೊಸದು ಬರುತ್ತದೆ, ಅದರ ಕೀಲಿ ನೆನಪಿನಲ್ಲಿ ಇರುವುದಿಲ್ಲ, ಈ ಸಲ ಯಾರ ಉಪಾಯವೂ ನಡೆಯುವುದಿಲ್ಲ. ಜನ ಮತ್ತೆ ಹೆದರಿದರು. ಫಕೀರಪ್ಪ ಹೆದರಲಿಲ್ಲ, ಸಿಟ್ಟಾದ. ಐದು ದಿನ ಕೂತು ಒಂದು ಪ್ರಕಟಣೆ ಹೇಳಿ ಬರೆಸಿದ. ಕಸ್ತೂರಿ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಓಣಿಯ ನಲ್ಲಿಯ ಹತ್ತಿರದ ಗೋಡೆಗೆ ಅಂಟಿಸಿದಳು. ಅದರಲ್ಲಿ ಹೀಗಿತ್ತು:

"ಹಸಿರು ಮುದ್ರೆ ನೋಡಿ ತೆರೆಯಬೇಡಿ. ಎದ್ದು ಹೋಗಿ ಕಳಿಸಿದವರ ಬಾಗಿಲು ಬಡಿದು ಕೇಳಿ. ದೂರದವರಾದರೆ ನೀವೇ ಫೋನ್ ಮಾಡಿ. ಮುಖ್ಯವಾದದ್ದನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಆಮೇಲೆ ಆ ಡಿಸ್ಕನ್ನು ಕಿತ್ತು ಕಪಾಟಿನಲ್ಲಿಡಿ. ನಾವು ಕಿತ್ತಿಡಲಿಲ್ಲ, ಏನಾಯಿತು ಎಂದು ನನ್ನ ಹೆಂಡತಿಯನ್ನು ಕೇಳಿ. ಗಣಕ ತಿದ್ದುಪಡಿ ಬಂದಿದೆ ಎಂದರೆ ನಾಳೆ ನೋಡೋಣ ಎನ್ನುವವರು ಸೋಮಾರಿಗಳು. ನೀರಿನ ಪಂಪು, ಬಾಗಿಲ ಕ್ಯಾಮೆರಾ ಇವೂ ಗಣಕಗಳೇ. ಅಂಗಡಿಯಿಂದ ಬಂದ ಗುಪ್ತಪದವನ್ನು ಹಾಗೇ ಬಿಟ್ಟರೆ ಅವುಗಳಿಂದಲೂ ಬೀಗ ಹಾಕುವ ಹುಳ ತಾನಾಗಿ ತೆವಳಿ ಬರುತ್ತದೆ. ಇಷ್ಟಾದ ಮೇಲೂ ಬಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ತಂತಿ ಕೀಳಿ, ಕೂಗಿ ಹೇಳಿ, ಹೆಸರು ಕೊಡಬೇಡಿ."

ಅದನ್ನು ಮೊದಲು ಓದಿ ಮುಗಿಸಿದವಳು ರೋಹಿಣಿ. ಕಸ್ತೂರಿ ಅವಳ ಜೊತೆ ಇನ್ನೂ ಮಾತು ಬಿಟ್ಟಿದ್ದಳು. ಆದರೂ ರೋಹಿಣಿ ಬಂದು, "ಡಿಸ್ಕ್ ಎಂಥಾದ್ದು ತರಬೇಕು ಅಕ್ಕಾ?" ಎಂದು ಕೇಳಿದಾಗ, ಚೀಟಿಯ ಮೇಲೆ ಬರೆದು ಕೊಟ್ಟಳು.

*

ಹೊಸದು ಬಂದದ್ದು ಮೂರು ವಾರದ ಮೇಲೆ, ಒಂದು ಶುಕ್ರವಾರ. ಗೋದಾಮು ಓಣಿಯಲ್ಲಿ ಯಾರೂ ಯಾವ ಕಡತವನ್ನೂ ತೆರೆದಿರಲಿಲ್ಲ. ರೋಹಿಣಿಯ ಮನೆಯ ನೀರಿನ ಪಂಪಿಗೆ ಮಾತ್ರ ಅಂಗಡಿಯ ಗುಪ್ತಪದವೇ ಉಳಿದಿತ್ತು. ಅದೊಂದನ್ನು ಅವಳು ಮರೆತಿದ್ದಳು. ಹನ್ನೊಂದು ಗಂಟೆಗೆ ಮುಂಗೋಣೆಯ ಪರದೆ ಬೆಳ್ಳಗಾಯಿತು. ಈ ಸಲ ಇಪ್ಪತ್ನಾಲ್ಕೇ ತಾಸು.

ರೋಹಿಣಿ ತಂತಿ ಕಿತ್ತಳು. ರಸ್ತೆಗೆ ಬಂದು ನಿಂತು, ಹೋದ ಸಲ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದವಳು, "ನಮ್ಮ ಮನ್ಯಾಗ ಬಿದ್ದೇತ್ರಿ, ಎಲ್ಲಾರೂ ನಿಮ್ಮ ಪಂಪು ನೋಡಿಕೋರಿ!" ಎಂದು ಕೂಗಿದಳು. ಆಮೇಲೆ ಕೇಂದ್ರಕ್ಕೆ ಫೋನ್ ಮಾಡಿದಳು.

"ಕೀಲಿ ಸಿಗೂದಿಲ್ಲ ಅಂತ ಗೊತ್ತಿರಲಿ," ಎಂದಳು ಮುಬೀನಾ. ಅವಳ ನಕ್ಷೆಯಲ್ಲಿ ಆಗಲೇ ನಲವತ್ತು ಕೆಂಪು ಚುಕ್ಕೆಗಳಿದ್ದವು. "ನಕಲು ಐತೇನ್ರಿ?"

"ಕಪಾಟಿನ್ಯಾಗ ಐತಿ. ಐತ್ವಾರದ್ದು."

"ಹಂಗಾದ್ರ ಅದು ಮುಗಿಯೂತನಕ ಬಿಡ್ರಿ. ಕಡೀಕ ಏನು ಮಾಡತೇತಿ ಅಂತ ನನಗ ನೋಡಬೇಕು."

ಶನಿವಾರ ಬೆಳಿಗ್ಗೆ ತಪಾಸಣೆಗೆ ಬಂದ ಹೆಂಗಸರು ಬೆಂಚಿನ ಮೇಲೆ ಕೂತಿದ್ದರು. ಕಸ್ತೂರಿ ಗಾಲಿಕುರ್ಚಿ ತಳ್ಳಿಕೊಂಡು ರಸ್ತೆ ದಾಟಿ ಬಂದಳು. ಫಕೀರಪ್ಪ ನೋಡಲೇಬೇಕೆಂದು ಹಟ ಹಿಡಿದಿದ್ದ. ಅವಳು ರೋಹಿಣಿಯ ಮುಖ ನೋಡದೆ ಕುರ್ಚಿಯನ್ನು ಪರದೆಯ ಎದುರು ನಿಲ್ಲಿಸಿದಳು.

ಹತ್ತು ಗಂಟೆಗೆ ಪರದೆಯ ಬರಹ ಬದಲಾಯಿತು: "ಎರಡು ಹೆಸರು ಸಾಕು."

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಮತ್ತೆ ಬದಲಾಯಿತು: "ಒಂದು ಹೆಸರು ಸಾಕು. ನಿಮ್ಮವರು ಅಲ್ಲದಿದ್ದರೂ ಆದೀತು."

"ಇಳೀಲಿಕ್ಕ ಹತ್ತೇತಿ," ಎಂದಿತು ಕುರ್ಚಿಯಿಂದ ತಗಡಿನ ದನಿ. ಈ ಸಲ ಎಲ್ಲರೂ ನಕ್ಕರು. ತುಂಬು ತಿಂಗಳ ಬಸುರಿಯೊ‌ಬ್ಬಳು ಹೊಟ್ಟೆ ಹಿಡಿದುಕೊಂಡು, "ನಗಸಬ್ಯಾಡ್ರಿ ಕಾಕಾ, ಇಲ್ಲೇ ಹಡದುಬಿಟ್ಟೇನು" ಎಂದಳು.

ಒಂದು ನಿಮಿಷ ಉಳಿಯಿತು. ರೋಹಿಣಿ ಎದ್ದು ಮೈಕಿನ ಹತ್ತಿರ ಹೋದಳು. ನಗು ನಿಂತಿತು. ಕಸ್ತೂರಿ ಕುರ್ಚಿಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದಳು. ತಂತಿ ಕಿತ್ತಿದ್ದರಿಂದ ಹೆಸರು ಎಲ್ಲಿಗೂ ಹೋಗುವಂತಿರಲಿಲ್ಲ. ಆದರೂ ಹಿಡಿತ ಸಡಿಲಿಸಲಿಲ್ಲ.

"ಬರಕೋ," ಎಂದಳು ರೋಹಿಣಿ. "ರೋಹಿಣಿ ಚನ್ನವೀರಪ್ಪ ಪತ್ತಾರ. ಗೋದಾಮು ಓಣಿ, ಹುಬ್ಬಳ್ಳಿ."

ಪರದೆ ಒಂದು ಕ್ಷಣ ಯೋಚಿಸಿತು. "ಈ ಹೆಸರು ನಡೆಯುವುದಿಲ್ಲ. ಬೇರೆ ಹೆಸರು ಕೊಡಿ."

"ನನ್ನ ಕಡೆ ಇರೂದು ಇದೊಂದ."

ಅಂಕೆಗಳು ಹತ್ತಕ್ಕೆ, ಐದಕ್ಕೆ, ಸೊನ್ನೆಗೆ ಇಳಿದವು. ಪರದೆ ಕಪ್ಪಾಯಿತು. ಗಣಕದೊಳಗೆ ಸಣ್ಣದೊಂದು ಸದ್ದಾಗಿ ಅದೂ ನಿಂತಿತು.

ಕಸ್ತೂರಿ ಇಪ್ಪತ್ತೈದು ದಿನದ ಮೇಲೆ ಮೊದಲ ಸಲ ರೋಹಿಣಿಯ ಕಡೆ ತಿರುಗಿ, "ಕಪಾಟಿನ ಕೀಲಿ ಎಲ್ಲಿಟ್ಟಿ ರೋಹಿಣೀ? ನಾ ತರತೇನಿ" ಎಂದಳು.

"ದೇವರ ಜಗಲಿ ಮ್ಯಾಲ ಐತಿ ಅಕ್ಕಾ."

ಗಣಕವನ್ನು ಪೂರ್ತಿ ಒರೆಸಿ, ಹೊಸದಾಗಿ ತುಂಬಿಸಿ, ಕಪಾಟಿನ ಡಿಸ್ಕಿನಿಂದ ಭಾನುವಾರದ ಕಾಗದಗಳನ್ನು ಹಾಕಿಕೊಳ್ಳಲು ಒಂದು ತಾಸು ಹಿಡಿಯಿತು. ಆಮೇಲಿನ ಐದು ದಿನಗಳದ್ದನ್ನು ಹೆಂಗಸರನ್ನೇ ಕೇಳಿ ಮತ್ತೆ ಬರೆಯಬೇಕಿತ್ತು. ರೋಹಿಣಿ ಪಂಪಿನ ಗುಪ್ತಪದ ಬದಲಿಸಿದಳು, ಕೈ ತೊಳೆದುಕೊಂಡಳು, ರಕ್ತದೊತ್ತಡದ ಪಟ್ಟಿಯನ್ನು ಕೈಗೆತ್ತಿಕೊಂಡು ಬೆಂಚಿನ ಕಡೆ ನೋಡಿದಳು.

"ಮೊದಲ ಯಾರು ಬಂದವರು? ಬರ್ರಿ ಮತ್ತ, ಹೊತ್ತಾತು."